ಕೆಲಸ ಸಿಕ್ಕಿದೆ, ನಂಬರ್ ಬಂದಿಲ್ಲ

ಆಫರ್ ಲೆಟರ್ ಕೈಗೆ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಸಂಬಳದ ಅಂಕಿಯ ಮೇಲೆ. ಹೊಸ ನರ್ಸ್ ಆವತ್ತು ಓದದೆ ಬಿಡುವ, ಆಮೇಲೆ ಬಾಯಿಪಾಠವಾಗುವಷ್ಟು ಸಲ ಓದುವ ಸಾಲು ಅದಕ್ಕಿಂತ ಕೆಳಗೆ, ಷರತ್ತುಗಳ ಪಟ್ಟಿಯಲ್ಲಿ ಹುದುಗಿರುತ್ತದೆ. ಕೆಲಸಕ್ಕೆ ಹಾಜರಾಗುವ ದಿನ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪ್ರಮಾಣಪತ್ರ ತರತಕ್ಕದ್ದು, ತಪ್ಪಿದರೆ ಈ ಪತ್ರ ಊರ್ಜಿತವಲ್ಲ. ಹೆಚ್ಚುಕಮ್ಮಿ ಇಷ್ಟೇ. ನಾಲ್ಕು ವರ್ಷ ಬಿ.ಎಸ್‌ಸಿ. ನರ್ಸಿಂಗ್ ಓದಿ, ವಾರ್ಡಿನಲ್ಲಿ ನಿಂತು ನಿಂತು ಕಾಲು ಬಾತು, ಹೆರಿಗೆಗಳ ಲೆಕ್ಕ ಬರೆದ ಪುಸ್ತಕಕ್ಕೆ ಮೇಡಂ ಸಹಿ ಹಾಕಿಸಿಕೊಂಡು, ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಗೆದ್ದವಳ ಬಳಿ ಆ ಹೊತ್ತಿಗೆ ಇಲ್ಲದ ಕಾಗದ ಅದೊಂದೇ.

ಫಲಿತಾಂಶಕ್ಕೂ ಆ ಕಾಗದಕ್ಕೂ ನಡುವಿನ ಕಾಲದಲ್ಲಿ ಅವಳು ಯಾರು? ವಿದ್ಯಾರ್ಥಿನಿ ಅಲ್ಲ, ಹಾಸ್ಟೆಲ್ ಖಾಲಿ ಮಾಡಿಯಾಗಿದೆ. ಕಾನೂನಿನ ಕಣ್ಣಿನಲ್ಲಿ ನರ್ಸೂ ಅಲ್ಲ. ಧಾರವಾಡ ಸೀಮೆಯ ಅಪ್ಪನಾದರೆ "ನೌಕರಿ ಹತ್ತೇತಂತಿ, ಮತ್ತ ಪಗಾರ ಯಾಕ ಬರವಲ್ದು?" ಅನ್ನುತ್ತಾನೆ. ಮಂಡ್ಯದ ಅವ್ವ "ಪಾಸಾಯ್ತಲ್ಲ ಮಗ, ಇನ್ಯಾತಕ್ಕೆ ಕಾಯ್ತಾ ಕುಂತಿದ್ದೀಯೆ?" ಎನ್ನುತ್ತಾಳೆ. ಇಬ್ಬರಿಗೂ ಕೊಡಬಹುದಾದ ಉತ್ತರ ಒಂದೇ: ಕೌನ್ಸಿಲ್ ನಂಬರ್ ಬಂದಿಲ್ಲ.

ನೋಂದಣಿ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ರೋಗಿ ಮಲಗಿರುತ್ತಾನೆ, ಸೂಜಿ ಹಿಡಿದು ಬಂದವಳು ಏನು ಓದಿದ್ದಾಳೆ ಎಂದು ಕೇಳುವ ಸ್ಥಿತಿಯಲ್ಲಿ ಅವನಿರುವುದಿಲ್ಲ. ಅವನ ಪರವಾಗಿ ಮೊದಲೇ ಕೇಳಿಟ್ಟುಕೊಳ್ಳುವುದೇ ಕೌನ್ಸಿಲ್‌ನ ನೋಂದಣಿ ಪುಸ್ತಕದ ಕೆಲಸ. ನರ್ಸ್‌ಗಳ ನೋಂದಣಿಗೆಂದೇ ಪ್ರತ್ಯೇಕ ಕಾನೂನನ್ನು ಮೊದಲು ಮಾಡಿದ್ದು ನ್ಯೂಜಿಲೆಂಡ್, 1901ರಲ್ಲಿ. ಮರುವರ್ಷ ಜನವರಿಯಲ್ಲಿ ಎಲೆನ್ ಡೌಹರ್ಟಿ ಎಂಬಾಕೆಯ ಹೆಸರು ಆ ಪುಸ್ತಕದ ಮೊದಲ ಸಾಲಿಗೆ ಬಂತು. ಇಂಗ್ಲೆಂಡಿನಲ್ಲಿ ಇದಕ್ಕಾಗಿ ದಶಕಗಳ ಜಗಳವೇ ನಡೆಯಿತು. ತಮಾಷೆಯೆಂದರೆ ಅಲ್ಲಿ ನೋಂದಣಿಯನ್ನು ವಿರೋಧಿಸಿದವರಲ್ಲಿ ಸ್ವತಃ ಫ್ಲಾರೆನ್ಸ್ ನೈಟಿಂಗೇಲ್ ಇದ್ದರು. ಒಳ್ಳೆಯ ನರ್ಸ್‌ನ ಗುಣ ಪರೀಕ್ಷೆ ಪಟ್ಟಿಗಳಲ್ಲಿ ಸಿಕ್ಕುವಂಥದ್ದಲ್ಲ ಎಂಬುದು ಆಕೆಯ ವಾದ. ವಾದ ಸೋತಿತು, 1919ರಲ್ಲಿ ಅಲ್ಲೂ ಕಾಯ್ದೆ ಬಂತು. ನಮ್ಮ ಕಡೆ ಮದ್ರಾಸ್ ಪ್ರಾಂತ 1926ರಲ್ಲೇ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ ಮಾಡಿತ್ತು; ಆಗ ದಕ್ಷಿಣ ಕನ್ನಡ, ಬಳ್ಳಾರಿಗಳು ಆ ಪ್ರಾಂತದಲ್ಲಿದ್ದವು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ದೇಶದ ಆರೋಗ್ಯ ಸೇವೆಗಳ ಸಮೀಕ್ಷೆಗೆಂದು ಕೂಡಿದ ಭೋರ್ ಸಮಿತಿ ಲೆಕ್ಕ ಹಾಕಿದಾಗ ಇಡೀ ದೇಶದಲ್ಲಿ ಸಿಕ್ಕ ನರ್ಸ್‌ಗಳು ಸುಮಾರು 7,000, ಅಂದರೆ 43,000 ಜನಕ್ಕೆ ಒಬ್ಬರು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂತು. ಕರ್ನಾಟಕದಲ್ಲಿ ಇಂದಿಗೂ ನೋಂದಣಿ ನಡೆಯುವುದು 1961ರ ನರ್ಸ್, ಮಿಡ್‌ವೈಫ್ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆಯ ಹೆಸರಿನಲ್ಲಿ.

ಈಚಿನ ಅಂಕಿ ಬೇರೆ. ದೇಶದಲ್ಲಿ 33 ಲಕ್ಷಕ್ಕೂ ಹೆಚ್ಚು ನೋಂದಾಯಿತ ಶುಶ್ರೂಷಾ ಸಿಬ್ಬಂದಿ ಇದ್ದಾರೆಂದು ಕೇಂದ್ರ ಸರ್ಕಾರ 2022ರಲ್ಲಿ ಸಂಸತ್ತಿಗೆ ಹೇಳಿತ್ತು. ಆಗ ಅದು ಸಾವಿರ ಜನಕ್ಕೆ ಇಬ್ಬರಿಗಿಂತ ಕೂದಲೆಳೆಯಷ್ಟು ಕಮ್ಮಿ. ಸಾವಿರಕ್ಕೆ ಮೂವರು ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಎಲ್ಲರೂ ಹೇಳುವ ಮಾತು. ಆದರೆ ಇದು ಪುಸ್ತಕಕ್ಕೆ ಹೆಸರು ಏರಿಸಿದವರ ಲೆಕ್ಕ. ಮಸ್ಕತ್ತಿಗೆ ಹೋದವರು, ಮದುವೆಯಾಗಿ ಕೆಲಸ ಬಿಟ್ಟವರು, ತೀರಿಹೋದವರು ಕೂಡ ಇದರಲ್ಲಿ ಸೇರಿರಬಹುದು. ಪಾಸಾಗಿ, ಕೆಲಸವೂ ಸಿಕ್ಕಿ, ಹೆಸರು ಏರದೆ ಕಾಯುತ್ತಿರುವವರು ಮಾತ್ರ ಇದರಲ್ಲಿ ಇಲ್ಲ.

ಹೆಸರು ಏರುವ ದಾರಿ ಕೇಳುವುದಕ್ಕೆ ಸರಳ. ಬಿ.ಎಸ್‌ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಎನ್‌ಎಂ ಡಿಪ್ಲೊಮಾ ಆದರೆ ಪರೀಕ್ಷಾ ಮಂಡಳಿ ಫಲಿತಾಂಶ ಕೊಡಬೇಕು. ಆಮೇಲೆ ಅಂಕಪಟ್ಟಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ. ಕಾಲೇಜಿನಿಂದ ಕೋರ್ಸ್ ಮುಗಿಸಿದ ಪತ್ರ, ವರ್ಗಾವಣೆ ಪತ್ರ. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ. ಆಧಾರ್. ಇವನ್ನೆಲ್ಲ ಜೋಡಿಸಿ, ಶುಲ್ಕ ಕಟ್ಟಿ, ಬೆಂಗಳೂರಿನಲ್ಲಿರುವ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ಅಲ್ಲಿ ಪರಿಶೀಲನೆ ಮುಗಿದರೆ ನೋಂದಾಯಿತ ನರ್ಸ್, ನೋಂದಾಯಿತ ಮಿಡ್‌ವೈಫ್ ಎಂಬ ಎರಡು ಪಟ್ಟ ಒಟ್ಟಿಗೆ ಸಿಗುತ್ತವೆ.

ಪ್ರತಿ ಮೆಟ್ಟಿಲಲ್ಲಿ ಇರುವವರು ಬೇರೆ ಬೇರೆ. ಒಂದು ಮೆಟ್ಟಿಲ ಬಳಿ ನಿಂತು ಕೇಳಿದರೆ "ನಮ್ಮ ಕಡೆಯಿಂದ ತಡ ಇಲ್ಲಮ್ಮ, ಅಲ್ಲಿಂದ ಬರಬೇಕು" ಎಂಬ ಉತ್ತರ ಬರುತ್ತದೆ. ಬಹಳ ಸಲ ಅದು ನಿಜವೇ ಆಗಿರುತ್ತದೆ. ಎಲ್ಲರೂ ತಮ್ಮ ಪಾಲಿನ ಹತ್ತು ಹದಿನೈದು ದಿನವನ್ನಷ್ಟೇ ನೋಡುತ್ತಾರೆ. ಒಟ್ಟು ಕೂಡಿಸಿ ನೋಡುವ ಮೇಜು ಎಲ್ಲೂ ಇಲ್ಲ. ಕೂಡಿಸಿ ನೋಡುವವಳು ಅವಳೊಬ್ಬಳೇ.

ಇದಕ್ಕೆ ಋತುಮಾನ ಬೇರೆ ಸೇರಿಕೊಳ್ಳುತ್ತದೆ. ಕರ್ನಾಟಕ ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದು. ಅಷ್ಟೂ ಕಾಲೇಜುಗಳ ಕೊನೆಯ ವರ್ಷದ ಫಲಿತಾಂಶ ಒಂದೇ ಸಲ ಬರುತ್ತದೆ, ಅಷ್ಟೂ ಅರ್ಜಿಗಳು ಅದರ ಬೆನ್ನಿಗೇ ಬಂದು ಬೀಳುತ್ತವೆ. ಕಚೇರಿಯ ಸಿಬ್ಬಂದಿ ಮಾತ್ರ ವರ್ಷದ ಹನ್ನೆರಡು ತಿಂಗಳೂ ಅಷ್ಟೇ. ಆಸ್ಪತ್ರೆಗಳ ನೇಮಕಾತಿಯೂ ಅದೇ ತಿಂಗಳುಗಳಲ್ಲಿ ನಡೆಯುವುದರಿಂದ ಎಲ್ಲರ ಅರ್ಜಿಯೂ ಅರ್ಜೆಂಟೇ.

ಹೆಸರಿನ ವಿಷಯಕ್ಕೆ ಬರೋಣ. ಇದನ್ನು ತುಸು ಬಿಡಿಸಿಯೇ ಹೇಳಬೇಕು, ಯಾಕೆಂದರೆ ಅರ್ಜಿ ವಾಪಸು ಬರಲು ಇಷ್ಟು ಸಲೀಸಾದ ಕಾರಣ ಇನ್ನೊಂದಿಲ್ಲ. ಗೀತಾ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ 'ಎಚ್' ಇದೆಯೋ ಇಲ್ಲವೋ? ಎಸ್ಸೆಸ್ಸೆಲ್ಸಿಗೆ ಹೆಸರು ಬರೆದುಕೊಟ್ಟ ಮೇಷ್ಟ್ರು ಹಾಕಿರುತ್ತಾರೆ, ಆಧಾರ್ ಮಾಡಿಸಿದಾಗ ಕಂಪ್ಯೂಟರ್ ಮುಂದೆ ಕೂತ ಹುಡುಗ ಬಿಟ್ಟಿರುತ್ತಾನೆ. ಇನ್ನು ಇನಿಷಿಯಲ್. ಹಳೇ ಮೈಸೂರಿನ ಕಡೆ ಊರಿನದೊಂದು, ಅಪ್ಪನದೊಂದು ಅಕ್ಷರ ಹೆಸರಿನ ಮುಂದೆ ಇರುತ್ತವೆ. ಆಧಾರ್‌ನಲ್ಲಿ ಅವೇ ಹಿಂದಕ್ಕೆ ಹೋಗಿರುತ್ತವೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಒಂದು ಕಾಗದದಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದಾಗ ಅಜ್ಜನ ಊರಿನ ಹೆಸರೇ ಮೊಮ್ಮಗಳ ಸರ್‌ನೇಮ್ ಆಗಿ ಕೂರುತ್ತದೆ. ಕೊನೆಯ ವರ್ಷದಲ್ಲಿ ಮದುವೆಯಾಗಿದ್ದರಂತೂ ಗಂಡನ ಹೆಸರೂ ಎಲ್ಲೋ ಒಂದು ಕಡೆ ನುಸುಳಿರುತ್ತದೆ.

ಮನೆಯಲ್ಲಿ, ಊರಲ್ಲಿ, ವಾರ್ಡಿನಲ್ಲಿ ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ. ತಂತ್ರಾಂಶಕ್ಕೆ ಮಾತ್ರ ಇವರು ಇಬ್ಬರು, ಮೂವರು. ಆಗ ಛಾಪಾ ಕಾಗದ, ನೋಟರಿ, "ಇವೆರಡೂ ಹೆಸರಿನವಳು ನಾನೊಬ್ಬಳೇ" ಎಂಬ ಅಫಿಡವಿಟ್ಟು. ಕೆಲವೊಮ್ಮೆ ಅಫಿಡವಿಟ್ಟು ಸಾಲದು, ಮೂಲ ಅಂಕಪಟ್ಟಿಯನ್ನೇ ತಿದ್ದಿಸಿಕೊಂಡು ಬನ್ನಿ ಎನ್ನುತ್ತಾರೆ. ಹಾಗೆಂದರೆ ಮತ್ತೆ ಹೈಸ್ಕೂಲಿನ ಬಾಗಿಲಿಗೆ, ಅಲ್ಲಿಂದ ಮಂಡಳಿಗೆ. ನನ್ನ ಅಕ್ಕನ ಮಗಳದ್ದು ಹೀಗೇ ಒಂದು ಅಕ್ಷರದ ವ್ಯಾಜ್ಯವಾಗಿ, ಅವಳ ಹೈಸ್ಕೂಲಿನ ಹಳೇ ದಾಖಲಾತಿ ಪುಸ್ತಕವನ್ನು ಕಪಾಟಿನಿಂದ ತೆಗೆಸುವ ಹೊತ್ತಿಗೆ ಆಸ್ಪತ್ರೆಯವರು ಜಾಯಿನಿಂಗ್ ಡೇಟನ್ನು ಒಂದು ಸಲ ಮುಂದಕ್ಕೆ ಹಾಕಿದ್ದರು. ಎರಡನೇ ಸಲ ಹಾಕುವುದಿಲ್ಲ ಎಂದೂ ಹೇಳಿದ್ದರು.

ಹೊರರಾಜ್ಯದವರ ಪಾಡು ಇನ್ನೊಂದು ಬಗೆ. ಕೇರಳ, ಬಂಗಾಳ, ಈಶಾನ್ಯ ರಾಜ್ಯಗಳಿಂದ ಬಂದು ಇಲ್ಲಿ ಓದಿದವರು ಮೊದಲು ಇಲ್ಲಿ ನೋಂದಾಯಿಸಿಕೊಂಡು, ಆಮೇಲೆ ತಮ್ಮ ರಾಜ್ಯಕ್ಕೆ ಅದನ್ನು ಒಯ್ಯಬೇಕು. ಅಲ್ಲಿನ ಕೌನ್ಸಿಲ್ ಇಲ್ಲಿನ ಕೌನ್ಸಿಲ್‌ಗೆ ಬರೆದು ಖಚಿತಪಡಿಸಿಕೊಳ್ಳುತ್ತದೆ, ಕಾಯುವಿಕೆ ದುಪ್ಪಟ್ಟಾಗುತ್ತದೆ. 2017ರಲ್ಲಿ ಇದಕ್ಕೂ ದೊಡ್ಡ ಗಾಬರಿ ಎದ್ದಿತ್ತು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ದಿಲ್ಲಿಯ ಪರಿಷತ್ತಿನದೋ ರಾಜ್ಯದ್ದೋ ಎಂಬ ತಕರಾರು ಹೈಕೋರ್ಟಿಗೆ ಹೋಗಿ, ದಿಲ್ಲಿಯ ಪಟ್ಟಿಯಿಂದ ಕರ್ನಾಟಕದ ಕಾಲೇಜುಗಳ ಹೆಸರೇ ಕಾಣೆಯಾದವು. ನಾವು ಓದಿದ್ದು ರಾಜ್ಯದ ಗಡಿ ದಾಟಿದರೆ ನಡೆಯುತ್ತದೋ ಇಲ್ಲವೋ ಎಂದು ಇಲ್ಲಿನ ಹಾಸ್ಟೆಲುಗಳಲ್ಲಿದ್ದ ಮಲಯಾಳಿ ಮಕ್ಕಳೂ ಅವರ ಮನೆಯವರೂ ಕಂಗಾಲಾಗಿದ್ದರು. ದೊಡ್ಡವರ ಅಧಿಕಾರದ ಜಗಳ ಕಟ್ಟಕಡೆಗೆ ಹೋಗಿ ನಿಲ್ಲುವುದು ಇಪ್ಪತ್ತೆರಡು ವರ್ಷದ ಹುಡುಗಿಯ ಫೈಲಿನ ಮೇಲೆ.

ಸರ್ಕಾರಿ ಕೆಲಸಕ್ಕಾದರೆ ಮಾತೇ ಇಲ್ಲ. ಏಮ್ಸ್ ಸಂಸ್ಥೆಗಳಿಗೆ ನರ್ಸಿಂಗ್ ಆಫೀಸರ್‌ಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೆ ಪದವಿಯ ಜೊತೆ ನೋಂದಣಿಯೂ ಕಡ್ಡಾಯ. ಅದೂ ನಿಗದಿಪಡಿಸಿದ ದಿನದೊಳಗೆ. ನಂಬರ್ ಅದರ ಮರುದಿನ ಬಂದರೆ ಮುಂದಿನ ಸಲ ನೋಡಬೇಕು. ಖಾಸಗಿ ಆಸ್ಪತ್ರೆಯಲ್ಲಿ ಹಾಗಲ್ಲ, ಅಲ್ಲಿ ದಾರಿಗಳಿವೆ. ನಿಜವಾದ ಕಥೆ ಇರುವುದು ಆ ದಾರಿಗಳಲ್ಲಿ.

"ಟ್ರೈನಿಯಾಗಿ ಸೇರಿಕೋ, ನಂಬರ್ ಬಂದಮೇಲೆ ಸ್ಟಾಫ್ ಮಾಡ್ತೀವಿ" ಎನ್ನುತ್ತಾರೆ ಎಚ್‌ಆರ್‌ನವರು. ಹೊರಗಿನಿಂದ ನೋಡಿದರೆ ಉಪಕಾರ. ಟ್ರೈನಿಗೆ ಕೊಡುವುದು ಸ್ಟೈಪೆಂಡ್, ಸಂಬಳವಲ್ಲ. ಡ್ಯೂಟಿ ಮಾತ್ರ ಎಲ್ಲರಂತೆಯೇ, ನೈಟ್ ಸಮೇತ. 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಕೂಡಿದ ಸಮಿತಿಯೊಂದು, ಎಷ್ಟೇ ಸಣ್ಣ ಖಾಸಗಿ ಆಸ್ಪತ್ರೆಯಾದರೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗಿಂತ ಕಮ್ಮಿ ಇರಕೂಡದೆಂದು ಶಿಫಾರಸು ಮಾಡಿತು. ಆ ಶಿಫಾರಸು ನರ್ಸ್‌ಗಳಿಗೆ. ಟ್ರೈನಿ ನರ್ಸ್ ಅಲ್ಲವಲ್ಲ!

ಗುಣಮಟ್ಟದ ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆ ಪ್ರತಿ ನರ್ಸ್‌ನ ಓದು, ನೋಂದಣಿ, ಅನುಭವವನ್ನು ಪರಿಶೀಲಿಸಿ ಕಡತದಲ್ಲಿ ಇಟ್ಟಿರಬೇಕು. ಯಾರು ಯಾವ ಕೆಲಸವನ್ನು ಮೇಲ್ವಿಚಾರಣೆ ಇಲ್ಲದೆ ಮಾಡಬಹುದೆಂದು ಬರೆದಿರಬೇಕು. ಆ ಬರಹದಂತೆ ಟ್ರೈನಿ ಒಬ್ಬಳೇ ಇಂಜೆಕ್ಷನ್ ಕೊಡುವಂತಿಲ್ಲ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥ ಅಪಾಯದ ಔಷಧಿಗಳನ್ನು ಇಬ್ಬರು ನರ್ಸ್‌ಗಳು ನೋಡಿ ಸಹಿ ಹಾಕಿಯೇ ಕೊಡಬೇಕು. ಹಗಲು ಇದು ನಡೆಯುತ್ತದೆ, ಇನ್‌ಚಾರ್ಜ್ ಸಿಸ್ಟರ್ ಅಲ್ಲೇ ಇರುತ್ತಾರೆ. ರಾತ್ರಿ ಎರಡು ಗಂಟೆಗೆ, ಒಬ್ಬರು ರಜೆ ಹಾಕಿ ಇನ್ನೊಬ್ಬರು ಐಸಿಯುಗೆ ಪೇಷೆಂಟ್ ಕರೆದೊಯ್ದಿದ್ದಾಗ, ಡ್ರಿಪ್ ಮುಗಿದ ಬೆಡ್ಡಿನಿಂದ ಗಂಟೆ ಬಾರಿಸಿದರೆ ಏಳುವವಳು ಟ್ರೈನಿಯೇ. ಕೆಲಸ ಅವಳು ಮಾಡುತ್ತಾಳೆ, ಕೇಸ್ ಶೀಟಿನಲ್ಲಿ ಸಹಿ ಬೆಳಿಗ್ಗೆ ಸ್ಟಾಫ್ ಸಿಸ್ಟರ್‌ನದು ಬೀಳುತ್ತದೆ. ಏನಾದರೂ ಹೆಚ್ಚುಕಮ್ಮಿಯಾದರೆ ಸಹಿ ಹಾಕಿದವಳೂ ಸಿಕ್ಕಿಬೀಳುತ್ತಾಳೆ, ನಂಬರಿಲ್ಲದೆ ಸೂಜಿ ಹಿಡಿದವಳೂ ಸಿಕ್ಕಿಬೀಳುತ್ತಾಳೆ.

ರೋಗಿಯ ಕಡೆಯಿಂದ ನೋಡಿ. ತರಬೇತಿಯಿಲ್ಲದ, ಲೆಕ್ಕಕ್ಕೆ ಸಿಗದ ಕೈ ತನ್ನನ್ನು ಮುಟ್ಟಬಾರದೆಂದು ನೂರು ವರ್ಷ ಹೊಡೆದಾಡಿ ಕಟ್ಟಿದ ಪುಸ್ತಕ ಅದು. ತಡವಾದ ಕಾರಣಕ್ಕೆ ಅದೇ ಪುಸ್ತಕ ಈಗ ತರಬೇತಿಯಿದ್ದೂ ಲೆಕ್ಕಕ್ಕೆ ಸಿಗದ ಕೈಗಳನ್ನು ಹಾಸಿಗೆಯ ಪಕ್ಕಕ್ಕೆ ಕಳಿಸುತ್ತಿದೆ. ತಡದಿಂದ ಎಲ್ಲರಿಗೂ ನಷ್ಟ ಎಂದು ಹೇಳುವುದು ವಾಡಿಕೆ. ಎಲ್ಲರಿಗೂ ಅಲ್ಲ. ಅರ್ಧ ಕೂಲಿಗೆ ಪೂರ್ತಿ ಓದಿದ ನರ್ಸ್ ಸಿಕ್ಕುವಷ್ಟು ದಿನ ಆಸ್ಪತ್ರೆಗೆ ನಷ್ಟವಿಲ್ಲ, ಆದ್ದರಿಂದಲೇ ಕೌನ್ಸಿಲ್‌ನ ಬಾಗಿಲು ತಟ್ಟಿ "ನಮ್ಮ ಹುಡುಗಿಯರ ನಂಬರ್ ಎಲ್ಲಿ?" ಎಂದು ಕೇಳುವ ತುರ್ತು ಅದಕ್ಕೆ ಅಷ್ಟಾಗಿ ಇಲ್ಲ. ಎಲ್ಲ ಆಸ್ಪತ್ರೆಗಳೂ ಹೀಗಲ್ಲ, ಫಾರಂ ತುಂಬಲು ಜನ ಕೊಟ್ಟು ನೆರವಾಗುವ ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳೂ ಇದ್ದಾರೆ. ವ್ಯವಸ್ಥೆಯ ಓರೆ ಮಾತ್ರ ಆ ಕಡೆಗೇ ಇದೆ.

ಇತ್ತ ಸಾಲದ ಗಡಿಯಾರ ನಿಂತಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದ ಮೇಲೆ ಒಂದು ವರ್ಷ ಕಂತಿನ ರಜೆ ಇದೆ. ಬಡ್ಡಿಗೆ ರಜೆ ಇಲ್ಲ. ಆ ಒಂದು ವರ್ಷದಲ್ಲಿ ಫಲಿತಾಂಶಕ್ಕೆ ಕಾದದ್ದು, ಪ್ರಮಾಣಪತ್ರಕ್ಕೆ ಕಾದದ್ದು, ನಂಬರಿಗೆ ಕಾದದ್ದು ಕಳೆದರೆ, ಪೂರ್ತಿ ಸಂಬಳ ಎಣಿಸುವ ತಿಂಗಳುಗಳು ಬೆರಳೆಣಿಕೆಗೆ ಇಳಿಯುತ್ತವೆ.

ಇದು ನಮ್ಮೊಬ್ಬರದೇ ರೋಗವೆಂದು ಕೊರಗಬೇಕಿಲ್ಲ. ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್ 2022ರಲ್ಲಿ 32 ರಾಜ್ಯಗಳ ದಾಖಲೆ ತೆಗೆಸಿ ನೋಡಿತು. ಹಿಂದಿನ ವರ್ಷ ಹೊಸದಾಗಿ ಲೈಸೆನ್ಸ್ ಪಡೆದ ನರ್ಸ್‌ಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿನವರು ಕನಿಷ್ಠ ಮೂರು ತಿಂಗಳು, ಹತ್ತಿರ ಹತ್ತಿರ ಹತ್ತರಲ್ಲಿ ಒಬ್ಬರು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾದಿದ್ದರು. ಅದು ಕೋವಿಡ್‌ನ ವರ್ಷ, ನರ್ಸ್‌ಗಳಿಲ್ಲದೆ ಆಸ್ಪತ್ರೆಗಳು ಬಾಯಿ ಬಿಡುತ್ತಿದ್ದ ಕಾಲ. ಎಷ್ಟು ದುಡ್ಡಿದ್ದರೂ ಕಡತ ತನ್ನ ವೇಗದಲ್ಲೇ ಚಲಿಸುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅಮೆರಿಕವೇ ಇದರ ಇನ್ನೊಂದು ಮುಖವನ್ನೂ ತೋರಿಸಿತು. 2023ರ ಜನವರಿಯಲ್ಲಿ ಅಲ್ಲಿನ ತನಿಖಾ ಸಂಸ್ಥೆಗಳು 'ಆಪರೇಷನ್ ನೈಟಿಂಗೇಲ್' ಎಂಬ ಹೆಸರಿನಲ್ಲಿ ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳ ಬಂಡವಾಳ ಬಯಲು ಮಾಡಿದವು. ಸುಮಾರು 7,600 ಖೊಟ್ಟಿ ಡಿಪ್ಲೊಮಾಗಳು ಮಾರಾಟವಾಗಿದ್ದವು; ಕೊಂಡವರಲ್ಲಿ ಸುಮಾರು 2,400 ಮಂದಿ ಲೈಸೆನ್ಸ್ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಆದ್ದರಿಂದ ಪರಿಶೀಲನೆ ಬೇಡ, ಸುಮ್ಮನೆ ಸೀಲು ಒತ್ತಿ ಕೊಡಿ ಎನ್ನುವ ವಾದ ನನ್ನದಲ್ಲ. ತಡವಾಗಿ ಕೊಟ್ಟದ್ದೆಲ್ಲ ಚೆನ್ನಾಗಿ ಪರಿಶೀಲಿಸಿದ್ದು ಎಂದು ನಂಬುವುದು ಇನ್ನೊಂದು ಭ್ರಮೆ, ಅಷ್ಟೆ. ಮೇಜಿನ ಮೇಲೆ ತಿಂಗಳು ಕೂತ ಅರ್ಜಿಯನ್ನು ಆ ತಿಂಗಳಿಡೀ ಯಾರೂ ಓದುತ್ತಿರುವುದಿಲ್ಲ.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2021ರ ಮೇ ಮೊದಲ ವಾರ, ಎರಡನೇ ಅಲೆ ಉಕ್ಕುತ್ತಿದ್ದಾಗ, ಬಿ.ಎಸ್‌ಸಿ. ಮತ್ತು ಜಿಎನ್‌ಎಂ ಪಾಸಾದವರನ್ನು ಹಿರಿಯ ನರ್ಸ್‌ಗಳ ಮತ್ತು ವೈದ್ಯರ ಮೇಲ್ವಿಚಾರಣೆಯಲ್ಲಿ ಕೋವಿಡ್ ಡ್ಯೂಟಿಗೆ ಪೂರ್ಣಾವಧಿಗೆ ಹಾಕಿಕೊಳ್ಳಬಹುದೆಂದು ಪ್ರಧಾನಿ ಕಾರ್ಯಾಲಯ ಪ್ರಕಟಿಸಿತು. ನೂರು ದಿನ ಪೂರೈಸಿದವರಿಗೆ ಮುಂದೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಎಂದೂ ಹೇಳಿತು. ಉಳಿದ ಕಾಲದಲ್ಲಿ ದಾಟಲಾಗದ ಗೋಡೆಯಂತೆ ಕಾಣುವುದು ಆವತ್ತು ಒಂದು ಪ್ರಕಟಣೆಯಲ್ಲಿ ಕರಗಿತು.

ವೈದ್ಯರಿಗೆ ಇದಕ್ಕೊಂದು ದಾರಿ ಮೊದಲಿನಿಂದಲೂ ಇದೆ. ಎಂಬಿಬಿಎಸ್ ಪಾಸಾದವನಿಗೆ ಇಂಟರ್ನ್‌ಶಿಪ್‌ಗೆ ಮುಂಚೆಯೇ ಮೆಡಿಕಲ್ ಕೌನ್ಸಿಲ್ ತಾತ್ಕಾಲಿಕ ನೋಂದಣಿ ಕೊಡುತ್ತದೆ. ಏನು ಮಾಡಬಹುದು, ಯಾರ ಕೈಕೆಳಗೆ ಎಂಬುದು ಅದರಲ್ಲಿ ಸ್ಪಷ್ಟ. ಅಮೆರಿಕದ ಪೆನ್ಸಿಲ್ವೇನಿಯಾದಂಥ ಕೆಲವು ರಾಜ್ಯಗಳು ಹೊಸದಾಗಿ ಓದು ಮುಗಿಸಿದ ನರ್ಸ್‌ಗಳಿಗೂ ಇಂಥ ತಾತ್ಕಾಲಿಕ ಪರವಾನಗಿ ಕೊಡುತ್ತವೆ. ಫಲಿತಾಂಶ ಬಂದ ದಿನವೇ ವಿಶ್ವವಿದ್ಯಾಲಯದ ಗಣಕದಿಂದ ಕೌನ್ಸಿಲ್‌ನ ಗಣಕಕ್ಕೆ ಪಾಸಾದವರ ಪಟ್ಟಿ ಹೋಗಲಿ, ಆರು ತಿಂಗಳ ಮಟ್ಟಿಗೆ ತಾತ್ಕಾಲಿಕ ನಂಬರ್ ಹೊರಬೀಳಲಿ, ಮೂಲ ದಾಖಲೆಗಳ ಪರಿಶೀಲನೆ ಆಮೇಲೆ ನಿಧಾನವಾಗಿಯೇ ಆಗಲಿ. ಆಗ ಆಸ್ಪತ್ರೆ 'ಟ್ರೈನಿ' ಎನ್ನುವಂತಿಲ್ಲ, ಸಹಿ ಅವಳದೇ ಬೀಳುತ್ತದೆ. ಇದಕ್ಕೆ ರಾಕೆಟ್ ತಂತ್ರಜ್ಞಾನವೇನೂ ಬೇಡ. ನರ್ಸ್‌ಗಳಿಗೆಂದೇ ರಾಷ್ಟ್ರೀಯ ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆ ದಿಲ್ಲಿಯಲ್ಲಿ ಆಗಲೇ ಇದೆ. 1947ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯೂ ಅಂಗೀಕಾರವಾಗಿದೆ. ರಾಷ್ಟ್ರಮಟ್ಟದ ಒಂದೇ ನೋಂದಣಿ ಪುಸ್ತಕದ ಮಾತು ಅದರಲ್ಲಿದೆ. ಪುಸ್ತಕ ಯಾವ ಊರಿನಲ್ಲಿರುತ್ತದೆ ಎಂಬುದಕ್ಕಿಂತ ಎಷ್ಟು ದಿನಕ್ಕೆ ಹೆಸರು ಏರುತ್ತದೆ ಎಂಬುದೇ ಅವಳಿಗೆ ಮುಖ್ಯ.

ಗಡುವಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ 2011ರ ಕಾಯ್ದೆಯಿಂದ ಹುಟ್ಟಿದ 'ಸಕಾಲ' ಇದೆ. ಹೇಳಿದ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಅರ್ಜಿದಾರನಿಗೆ ಪರಿಹಾರ. ಒಳ್ಳೆಯ ಕಾನೂನು. ಆದರೆ ಯಾವುದೇ ಕಚೇರಿಯಲ್ಲಿ ಗಡುವಿನ ದಿನ ಎಣಿಸಲು ಶುರುವಾಗುವುದು ಅರ್ಜಿ 'ಪೂರ್ಣ'ವಾದಾಗ. ಒಂದು ಸಲ ಒಂದು ಕಾಗದ ಕೇಳಿ, ಅದನ್ನು ತಂದಾಗ ಇನ್ನೊಂದು ಕೇಳಿದರೆ ಅರ್ಜಿ ಪೂರ್ಣವಾಗುವುದೇ ಇಲ್ಲ, ಗಡುವು ಮೀರುವುದೂ ಇಲ್ಲ. ಆಕ್ಷೇಪಣೆಗಳಿದ್ದರೆ ಎಲ್ಲವನ್ನೂ ಒಂದೇ ಸಲ, ಬರಹದಲ್ಲಿ, ಹತ್ತು ದಿನದೊಳಗೆ ಹೇಳಬೇಕು. ಹೇಳದ್ದನ್ನು ಆಮೇಲೆ ಕೇಳುವಂತಿಲ್ಲ. ಈ ಒಂದು ನಿಯಮ ಬಂದರೆ ಅರ್ಧ ಜಗಳ ಮುಗಿಯುತ್ತದೆ ಎಂದು ನನ್ನ ಅಂದಾಜು.

ಅಲ್ಲಿಯವರೆಗೆ ಸೀನಿಯರ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಜೂನಿಯರ್‌ಗಳಿಗೆ ಹೇಳುವ ಬುದ್ಧಿಮಾತುಗಳೇ ಗತಿ. ಮೂರನೇ ವರ್ಷದಲ್ಲೇ ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ ಇರುವಂತೆ ಆಧಾರ್ ತಿದ್ದಿಸಿ, ಆಧಾರ್‌ನಂತೆ ಎಸ್ಸೆಸ್ಸೆಲ್ಸಿ ತಿದ್ದಿಸಲು ಹೋಗಬೇಡಿ. ಒರಿಜಿನಲ್ ಯಾರಿಗೂ ಬಿಟ್ಟು ಬರಬೇಡಿ, ಆಸ್ಪತ್ರೆಗಂತೂ ಬೇಡವೇ ಬೇಡ. ಕಟ್ಟಿದ ಶುಲ್ಕದ ರಸೀದಿಯ ಫೋಟೊ ಇಟ್ಟುಕೊಳ್ಳಿ. ಮತ್ತು ಟ್ರೈನಿಯಾಗಿ ಸೇರುವವರು ಒಂದು ಮಾತನ್ನು ಬರಹದಲ್ಲಿ ತೆಗೆದುಕೊಳ್ಳಿ: ನಂಬರ್ ಬಂದ ಮೇಲೆ ಸಂಬಳ ಯಾವ ದಿನದಿಂದ ಲೆಕ್ಕ?

ಕೊನೆಯ ಸಲಹೆಯ ಹಿಂದೆ ಅನುಭವವಿದೆ. ನಂಬರ್ ಬಂದ ದಿನ ಸಿಹಿ ಹಂಚಿದವರಿಗೆ ಎರಡು ವರ್ಷ ಕಳೆದು, ಗಲ್ಫ್‌ಗೋ ಬ್ರಿಟನ್ನಿಗೋ ಅರ್ಜಿ ತುಂಬುವಾಗ ಇನ್ನೊಂದು ಸತ್ಯ ತಿಳಿಯುತ್ತದೆ. ಎಷ್ಟೋ ಕಡೆ ಅನುಭವವನ್ನು ಎಣಿಸುವುದು ನೋಂದಣಿಯ ದಿನಾಂಕದಿಂದ, ಕೆಲಸಕ್ಕೆ ಸೇರಿದ ದಿನಾಂಕದಿಂದಲ್ಲ. ಆಸ್ಪತ್ರೆ ಕೊಡುವ ಅನುಭವ ಪತ್ರದಲ್ಲೂ ಟ್ರೈನಿಯಾಗಿದ್ದ ತಿಂಗಳುಗಳು ಬೇರೆಯೇ ಸಾಲಿನಲ್ಲಿರುತ್ತವೆ, ಅಥವಾ ಇರುವುದೇ ಇಲ್ಲ. ಆ ನೈಟ್ ಡ್ಯೂಟಿಗಳನ್ನು ಮಾಡಿದ್ದು ಯಾರು ಎಂದು ಹುಡುಕಿದರೆ ಕೇಸ್ ಶೀಟುಗಳಲ್ಲಿ ಸಿಗುವುದು ಬೇರೆಯವರ ಸಹಿ.